ತಾರೀಖು ಸಿಕ್ಕ ಮೇಲೆ

(ಒಳಗಿವಿಯಲ್ಲಿ ಕೇಳಿಸುವ ಸಾಧನ ಇಡುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಕಾಯುತ್ತಿರುವವರು ಮತ್ತು ಅವರ ಮನೆಯವರ ಮುಂದೆ ಕಲಬುರಗಿಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಹಿಂದುಮುಂದಾಗಿ ಹೇಳಿದ್ದನ್ನು ಇಲ್ಲಿ ತುಸು ನೇರ ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮೊದಲು ಒಂದು ವಿನಂತಿ. ಆ ಮೂಲೆಯ ಫ್ಯಾನನ್ನು ಸ್ವಲ್ಪ ನಿಲ್ಲಿಸುತ್ತೀರಾ? ಏಪ್ರಿಲ್ ತಿಂಗಳಲ್ಲಿ ಕಲಬುರಗಿಯಲ್ಲಿ ನಿಂತು ಫ್ಯಾನ್ ಬೇಡ ಎನ್ನುವವನಿಗೆ ತಲೆ ಕೆಟ್ಟಿರಬೇಕು ಎಂದು ನೀವು ಅಂದುಕೊಂಡರೆ ತಪ್ಪಿಲ್ಲ. ಆದರೆ ಅದರ ಕಿರಗುಟ್ಟುವಿಕೆಯನ್ನು ನಿಮ್ಮ ಕಿವಿ ತಾನಾಗಿಯೇ ಬದಿಗೆ ಸರಿಸಿಬಿಡುತ್ತದೆ. ನನ್ನ ಕಿವಿಗೆ ಆ ಜಾಣತನ ಇನ್ನೂ ಬಂದಿಲ್ಲ. ಕೊನೆಯಲ್ಲಿ ನೀವು ಪ್ರಶ್ನೆ ಕೇಳಿದಾಗ ನನಗೆ ಫ್ಯಾನಿನ ಮಾತೂ ನಿಮ್ಮ ಮಾತೂ ಒಂದೇ ಜೋರಿನಲ್ಲಿ ಬರುತ್ತವೆ. ಇಂಪ್ಲಾಂಟ್ ಹಾಕಿಸಿಕೊಂಡರೆ ಎಲ್ಲ ಮೊದಲಿನಂತೆ ಆಗುತ್ತದೆ ಎಂದು ನಂಬಿ ಬಂದವರು ಇಲ್ಲಿ ಯಾರಾದರೂ ಇದ್ದರೆ, ನಿಂತ ಈ ಫ್ಯಾನನ್ನು ಒಮ್ಮೆ ನೋಡಿಕೊಳ್ಳಿ.

ನಾನು ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ. ಸ್ಟೆನೊ ಎಂದರೆ ನಿಮಗೆ ಬೇಗ ತಿಳಿಯುತ್ತದೆ. ಇನ್ನೊಬ್ಬರು ಹೇಳಿದ್ದನ್ನು ಕೇಳಿ ಬರೆಯುವುದೇ ಅನ್ನವಾಗಿದ್ದ ಮನುಷ್ಯನ ಕಿವಿ ನಲವತ್ತು ದಾಟುತ್ತಿದ್ದಂತೆ ಮಂದವಾಗತೊಡಗಿತು. ಮೊದಮೊದಲು ತುಟಿ ನೋಡಿ ನಿಭಾಯಿಸಿದೆ. ಪುಸ್ತಕದ ಮೇಲಿರಬೇಕಾದ ಕಣ್ಣು ಸಾಹೇಬರ ತುಟಿಯ ಮೇಲೆ, ಪೆನ್ಸಿಲ್ ಎಲ್ಲೋ. ಅದರ ಮೇಲೆ ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ರೀತಿ ಕಾಣುತ್ತವೆ. ಮನೆಗೆ ಹೋಗಿ ಕನ್ನಡಿಯ ಮುಂದೆ ಪರ, ಬರ, ಮರ ಎಂದು ಸದ್ದಿಲ್ಲದೆ ಹೇಳಿ ನೋಡಿ. ಬರ ಪರಿಹಾರದ ಒಂದು ಪ್ರಕರಣವನ್ನು ನಾನು ಮರದ ಪರಿಹಾರದ ಪ್ರಕರಣ ಮಾಡಿದ್ದೆ. ಸಾಹೇಬರು ನಕ್ಕು ಸುಮ್ಮನಾದರು. ನನಗೆ ಅಂದು ರಾತ್ರಿ ಅನ್ನ ಇಳಿಯಲಿಲ್ಲ. ಆಮೇಲೆ ನಾನೇ ಅರ್ಜಿ ಕೊಟ್ಟು ನಕಲು ವಿಭಾಗಕ್ಕೆ ಹೋದೆ. ಅಲ್ಲಿ ಕಾಗದಗಳು ಮಾತನಾಡುವುದಿಲ್ಲ. ಕಿವಿ ಮಿಷನ್ ಹಾಕಿಕೊಂಡೆ, ಅದರ ದೊಡ್ಡ ಮಿಷನ್ ಹಾಕಿಕೊಂಡೆ. ಹತ್ತು ವರ್ಷಕ್ಕೆ ಎರಡೂ ಕಿವಿಯಲ್ಲಿ ಮಿಷನ್ನು ಕೊಡುತ್ತಿದ್ದುದು ಬರೀ ಗದ್ದಲ, ಮಾತಲ್ಲ.

ಈ ಸಾಧನ ಏನು ಮಾಡುತ್ತದೆ ಎಂಬುದನ್ನು ವೈದ್ಯರು ನನಗೆ ಮೂರು ಸಲ ಹೇಳಿದರು. ಅರ್ಥವಾದದ್ದು ನಾಲ್ಕನೆಯ ಸಲ, ನನ್ನ ಕಸುಬಿನ ಮೂಲಕ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡ ಕಾಕ್ಲಿಯ ಇದೆ. ಅದರಲ್ಲಿ ಸದ್ದನ್ನು ನರಕ್ಕೆ ದಾಟಿಸುವ ಒಳಸಾಲಿನ ರೋಮಕೋಶಗಳೇ ಸುಮಾರು 3,500. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇಂಪ್ಲಾಂಟ್ ಆ ಕೋಶಗಳನ್ನು ಬಿಟ್ಟು, ತೆಳ್ಳನೆಯ ತಂತಿಯ ಮೇಲಿನ ವಿದ್ಯುದ್ವಾರಗಳಿಂದ ನೇರವಾಗಿ ನರವನ್ನೇ ತಟ್ಟುತ್ತದೆ. ಆ ವಿದ್ಯುದ್ವಾರಗಳು ಎಷ್ಟು? ಒಂದು ಕಂಪನಿಯದರಲ್ಲಿ 22, ಇನ್ನೊಂದರಲ್ಲಿ 16, ಮತ್ತೊಂದರಲ್ಲಿ 12. 3,500ರ ಕೆಲಸವನ್ನು 22 ಮಾಡಬೇಕು. ಅಂದರೆ ಇದು ಕೊಡುವುದು ಸದ್ದಿನ ಶೀಘ್ರಲಿಪಿ. ಪಿಟ್‌ಮನ್ ಪದ್ಧತಿಯಲ್ಲಿ ‘ಪ’ಕ್ಕೂ ‘ಬ’ಕ್ಕೂ ಗೆರೆ ಒಂದೇ, ಒಂದು ತೆಳು, ಒಂದು ದಪ್ಪ. ಸ್ವರಗಳ ಚುಕ್ಕೆಗಳನ್ನು ಅವಸರದಲ್ಲಿ ಬಿಟ್ಟೇಬಿಡುತ್ತೇವೆ. ಓದುವಾಗ ಹಿಂದುಮುಂದಿನ ಮಾತು ನೋಡಿ ತುಂಬಿಕೊಳ್ಳುತ್ತೇವೆ. ಹೊಸಬನ ಮುಂದೆ ಆ ಹಾಳೆ ಇಟ್ಟರೆ ಕೋಳಿ ಕೆದರಿದಂತೆ ಕಾಣುತ್ತದೆ. ಸರ್ಜನ್ ನಿಮ್ಮ ತಲೆಯೊಳಗೆ ಬರೆಯುವ ಪೆನ್ಸಿಲ್ ಇಡುತ್ತಾರೆ. ಓದಲು ಕಲಿಯಬೇಕಾದದ್ದು ನಿಮ್ಮ ಮೆದುಳು, ಅದಕ್ಕೆ ತಿಂಗಳುಗಳು ಬೇಕು, ಮಗುವಾದರೆ ವರ್ಷಗಳು.

ಮಾತಿಗೆ ಮಾತು ಬಂತು, ಆ ತಂತಿಯ ಕಥೆಯನ್ನೂ ಹೇಳಿಬಿಡುತ್ತೇನೆ. ಆಸ್ಟ್ರೇಲಿಯದ ಗ್ರೇಮ್ ಕ್ಲಾರ್ಕ್ ಎಂಬ ವೈದ್ಯರ ತಂದೆ ಔಷಧದ ಅಂಗಡಿ ನಡೆಸುತ್ತಿದ್ದರು, ಆ ತಂದೆಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಸುರುಳಿಯೊಳಗೆ ತಂತಿಯನ್ನು ಮುರಿಯದಂತೆ ತೂರಿಸುವುದು ಹೇಗೆ ಎಂಬುದು ಮಗನಿಗೆ ದೊಡ್ಡ ತಲೆನೋವು. 1977ರಲ್ಲಿ ಕಡಲತೀರದಲ್ಲಿ ಕುಳಿತು ಒಂದು ಚಿಪ್ಪಿನೊಳಗೆ ಹುಲ್ಲಿನ ಎಸಳು ತೂರಿಸಿ ನೋಡಿದರು. ಬುಡ ಗಟ್ಟಿ, ತುದಿ ಮೆತ್ತಗೆ ಇರುವ ಎಸಳು ಸುತ್ತು ತಿರುಗಿ ಸಲೀಸಾಗಿ ಒಳಗೆ ಹೋಯಿತು. ಮರುವರ್ಷ, 1978ರಲ್ಲಿ, ಮೆಲ್ಬರ್ನಿನಲ್ಲಿ ಅವರ ಮೊದಲ ಶಸ್ತ್ರಚಿಕಿತ್ಸೆ ನಡೆಯಿತು. ಹೆದರಿಕೆಯಾದಾಗ ನಾನು ಆ ಹುಲ್ಲಿನ ಎಸಳನ್ನು ನೆನೆಯುತ್ತಿದ್ದೆ. ಎಲುಬು ಕೊರೆಯುವ ಡ್ರಿಲ್ಲನ್ನು ನೆನೆಯುವುದಕ್ಕಿಂತ ಅದು ಹಿತ.

ಈಗ ಸಿದ್ಧತೆಯ ಮಾತು. ಪರೀಕ್ಷೆಗಳ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಅವನ್ನು ಆಸ್ಪತ್ರೆಯವರೇ ಬರೆದುಕೊಡುತ್ತಾರೆ. ದೊಡ್ಡವರಿಗೆ ಎಷ್ಟು ಕೇಳುತ್ತದೆ ಎಂದು ಅಳೆಯುವ ಆಡಿಯೋಗ್ರಾಂ, ಚಿಕ್ಕವರಿಗೆ ಸದ್ದಿಗೆ ಕಿವಿಯ ನರ ಸ್ಪಂದಿಸುತ್ತದೆಯೇ ಎಂದು ನಿದ್ದೆಯಲ್ಲಿ ನೋಡುವ ಬೆರಾ, ಕಿವಿ ಮಿಷನ್ ಹಾಕಿಕೊಂಡು ಮಾತು ಎಷ್ಟು ತಿಳಿಯುತ್ತದೆ ಎಂಬ ಪರೀಕ್ಷೆ, ಎಲುಬು ನೋಡಲು ಸಿಟಿ, ನರ ನೋಡಲು ಎಂಆರ್‌ಐ. ನರವೇ ಇಲ್ಲದಿದ್ದರೆ ಅಥವಾ ತೀರಾ ಸಣ್ಣದಿದ್ದರೆ ತಂತಿ ಇಟ್ಟೂ ಫಲವಿಲ್ಲ, ಆದ್ದರಿಂದ ಎಂಆರ್‌ಐ ಯಾಕೆ ಎಂದು ಚೌಕಾಸಿ ಮಾಡಬೇಡಿ. ಕಿವಿ ಸೋರುತ್ತಿದ್ದರೆ ಮೊದಲು ಅದು ಒಣಗಬೇಕು. ಮೆದುಳು ಜ್ವರ, ಅಂದರೆ ಮೆದುಳು ಪೊರೆಯ ಸೋಂಕು, ಬಂದು ಕಿವಿ ಹೋದ ಮಗುವಿದ್ದರೆ ಮಾತ್ರ ಕಾಯಬೇಡಿ. ಆ ಕಾಯಿಲೆಯ ನಂತರ ಕಾಕ್ಲಿಯದ ಒಳಗೆ ಎಲುಬು ಬೆಳೆದು ದಾರಿ ಮುಚ್ಚಿಕೊಳ್ಳಬಹುದು. ಜಾತ್ರೆ ಮುಗಿಯಲಿ, ತೊಗರಿ ರಾಶಿಯಾಗಲಿ ಎನ್ನುವಷ್ಟು ಸಮಯ ಅಲ್ಲಿ ಇರುವುದಿಲ್ಲ.

ಇಸಿಜಿ ಬಗ್ಗೆ ಮಾತ್ರ ಒಂದು ಕ್ಷಣ ನಿಲ್ಲುತ್ತೇನೆ. ಹುಟ್ಟಿನಿಂದ ಬಂದ ಕಿವುಡುತನದ ಜೊತೆಗೆ ಅಪರೂಪಕ್ಕೆ ಹೃದಯದ ಬಡಿತದ ದೋಷವೊಂದು ಬರುತ್ತದೆ. ಜರ್ವೆಲ್ ಮತ್ತು ಲ್ಯಾಂಗೆ ನೀಲ್ಸನ್ ಎಂಬ ಇಬ್ಬರ ಹೆಸರಿನಲ್ಲಿ ಅದನ್ನು ಕರೆಯುತ್ತಾರೆ. ತಂದೆತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಅದು ಮಗುವಿನಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಎಷ್ಟಿದೆ ಎಂದು ನಾನು ನಿಮಗೆ ಹೇಳಬೇಕಿಲ್ಲ. ಮಗು ಓಡುವಾಗ, ಹೆದರಿದಾಗ, ಜೋರಾಗಿ ಅತ್ತಾಗ ಎಚ್ಚರ ತಪ್ಪಿ ಬಿದ್ದದ್ದುಂಟೇ? ಮನೆಯಲ್ಲಿ ಅದನ್ನು ಮೂರ್ಛೆ ರೋಗ ಎಂದುಕೊಂಡಿದ್ದೀರಾ? ಅರಿವಳಿಕೆ ಕೊಡುವ ವೈದ್ಯರಿಗೆ ಅದನ್ನು ಅವರು ಕೇಳದಿದ್ದರೂ ಹೇಳಿ. ರಕ್ತಸಂಬಂಧದ ಮದುವೆ ಎಂಬುದನ್ನು ಮುಚ್ಚಿಡಬೇಡಿ. ಅಲ್ಲಿ ಯಾರೂ ನಿಮ್ಮನ್ನು ಬೈಯಲು ಕುಳಿತಿರುವುದಿಲ್ಲ.

ನಾನು ಎಡವಿದ್ದು ಲಸಿಕೆಯಲ್ಲಿ. ನನ್ನ ಶಸ್ತ್ರಚಿಕಿತ್ಸೆ ನಡೆದದ್ದು ಹೈದರಾಬಾದಿನಲ್ಲಿ. ತಾರೀಖು ಸಿಕ್ಕಿತು, ರಜೆ ಮಂಜೂರಾಯಿತು, ಭಾವಮೈದುನನೂ ಬರುತ್ತೇನೆ ಎಂದ. ಒಂದು ವಾರ ಮೊದಲು ಆಸ್ಪತ್ರೆಯಿಂದ ಸಂದೇಶ ಬಂತು: ನ್ಯುಮೊಕಾಕಲ್ ಲಸಿಕೆಯ ಚೀಟಿ ತನ್ನಿ. ಯಾವ ಚೀಟಿ? ಆ ಲಸಿಕೆಯ ಹೆಸರನ್ನೇ ನಾನು ಮೊದಲ ಬಾರಿ ಓದುತ್ತಿದ್ದೆ. ಒಳಗಿವಿಯಿಂದ ಮೆದುಳಿನ ಪೊರೆಗೆ ದಾರಿ ಬಹಳ ಹತ್ತಿರ. ಇಂಪ್ಲಾಂಟ್ ಇರುವವರಲ್ಲಿ ಮೆದುಳು ಪೊರೆಯ ಸೋಂಕಿನ ಅಪಾಯ ಕೊಂಚ ಹೆಚ್ಚು ಎಂದು 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತು. ಅಂದಿನಿಂದ ಶಸ್ತ್ರಚಿಕಿತ್ಸೆಗೆ ಕನಿಷ್ಠ ಎರಡು ವಾರ ಮೊದಲು, ಆ ಸೋಂಕು ತರುವ ರೋಗಾಣುವಿಗೆ ತಡೆಯಾದ ಈ ಲಸಿಕೆ ಆಗಿರಬೇಕು ಎನ್ನುತ್ತಾರೆ. ಅದರಲ್ಲಿಯೂ ಎರಡು ಬಗೆ ಇವೆ. ಯಾವುದು ಮೊದಲು, ನಡುವೆ ಎಷ್ಟು ವಾರ ಎಂಬುದನ್ನು ವಯಸ್ಸು ನೋಡಿ ವೈದ್ಯರು ಹೇಳುತ್ತಾರೆ. ನನ್ನ ಪ್ರಕರಣಕ್ಕೆ ವಾಯಿದೆ ಬಿತ್ತು. ಮಂಜೂರಾದ ರಜೆ ಮನೆಯಲ್ಲಿ ಕುಳಿತೇ ಕರಗಿತು. ಯಾರೂ ಮೊದಲೇ ಹೇಳಲಿಲ್ಲ ಎಂಬುದು ನನ್ನ ದೂರು, ನೀವೂ ಕೇಳಲಿಲ್ಲ ಎಂಬುದು ಅವರ ಉತ್ತರ. ಇಪ್ಪತ್ತು ವರ್ಷ ವಾದ ಪ್ರತಿವಾದ ಬರೆದುಕೊಂಡವನಾಗಿ ಹೇಳುತ್ತೇನೆ, ಇಬ್ಬರ ಮಾತಿನಲ್ಲಿಯೂ ಹುರುಳಿತ್ತು. ಮಕ್ಕಳಾದರೆ ಈಗ ಸರ್ಕಾರಿ ಲಸಿಕೆಗಳ ಸಾಲಿನಲ್ಲಿಯೇ ಇದು ಬರುತ್ತದೆ. ತಾಯಿ ಕಾರ್ಡ್ ತೆಗೆದು ಹಾಕಿಸಿದ್ದಾರೋ ಇಲ್ಲವೋ ಈ ರಾತ್ರಿಯೇ ನೋಡಿ.

ಇನ್ನೊಂದು ತಾರೀಖು ಮುಂದಕ್ಕೆ ಹೋದದ್ದನ್ನು ಪಕ್ಕದ ಹಾಸಿಗೆಯಲ್ಲಿ ಕಂಡೆ. ಚಿಂಚೋಳಿ ಕಡೆಯ ಎರಡು ವರ್ಷದ ಕೂಸು. ಬೆಳಿಗ್ಗೆ ಹಸಿವಿನಿಂದ ಅಳುತ್ತಿತ್ತು. ತಾಯಿ ಕಾಗದಕ್ಕೆ ಸಹಿ ಮಾಡಲು ಹೋದಾಗ ಅಜ್ಜಿ ಸೆರಗಿನಲ್ಲಿದ್ದ ಬಿಸ್ಕತ್ತನ್ನು ನೀರಿನಲ್ಲಿ ಅದ್ದಿ ತಿನ್ನಿಸಿದರು. ಆಪರೇಷನ್ ಅಂದು ಆಗಲಿಲ್ಲ. ಮನೆಯವರೆಲ್ಲ ಸೇರಿ ಅಜ್ಜಿಯನ್ನು ಬೈದರು. ಖಾಲಿ ಹೊಟ್ಟೆ ಎಂದು ಎಲ್ಲರೂ ಹೇಳಿದ್ದರು, ಯಾಕೆ ಎಂದು ಆ ಮುದುಕಿಗೆ ಒಬ್ಬರೂ ಹೇಳಿರಲಿಲ್ಲ. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಊಟ, ತಿಂಡಿ, ಹಸುವಿನ ಹಾಲು ಆರು ಗಂಟೆ ಮೊದಲೇ ನಿಲ್ಲಬೇಕು, ಎದೆಹಾಲು ನಾಲ್ಕು ಗಂಟೆ ಮೊದಲು, ತಿಳಿನೀರು ಎರಡು ಗಂಟೆ ಮೊದಲು. ಸಾಮಾನ್ಯವಾಗಿ ಹೇಳುವ ಲೆಕ್ಕ ಇದು. ನಿಮ್ಮ ವೈದ್ಯರು ಬೇರೆ ಹೇಳಿದರೆ ಅವರ ಮಾತೇ ನಡೆಯಲಿ. ಮಗುವಿನ ಜೊತೆ ಬರುವ ಹಿರಿಯರನ್ನು ಕೂರಿಸಿಕೊಂಡು ಕಾರಣ ಸಮೇತ ಹೇಳಿ. ದೊಡ್ಡವರು ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ನಾಟಿ ಔಷಧ, ಗುಟ್ಕಾ ಎಲ್ಲವನ್ನೂ ಒಪ್ಪಿಕೊಂಡುಬಿಡಿ. ಮಾತ್ರೆ ನಿಲ್ಲಿಸುವ ತೀರ್ಮಾನ ಮಾತ್ರ ನಿಮ್ಮದಲ್ಲ, ವೈದ್ಯರದು.

ಲಕ್ವಾ ಹೊಡೆಯುತ್ತದಂತೆ ಹೌದೇ ಎಂದು ಹೊರಗೆ ಒಬ್ಬ ಅಕ್ಕ ಕೇಳಿದರು. ಮುಖದ ನರ ಕೊರೆಯುವ ಜಾಗಕ್ಕೆ ಕೂದಲೆಳೆಯಷ್ಟು ಹತ್ತಿರ ಹೋಗುತ್ತದೆ, ಅದು ನಿಜ. ಅದಕ್ಕಾಗಿಯೇ ಆ ನರ ಕಾಯುವ ಮಾನಿಟರ್ ಹಚ್ಚಿರುತ್ತಾರೆ. ಶಾಶ್ವತವಾಗಿ ಮುಖ ಸೊಟ್ಟಗಾಗುವುದು ಬಹಳ ಅಪರೂಪ. ಆಗುವ ಸಂಭವ ಹೆಚ್ಚಿರುವುದು ಬೇರೆಯವು: ಕೆಲವು ದಿನ ತಲೆ ತಿರುಗುವುದು, ನಾಲಿಗೆಯ ಒಂದು ಬದಿ ರುಚಿ ಕೆಡುವುದು. ನನಗೆ ಎರಡು ತಿಂಗಳು ಚಹಾ ಕುಡಿದರೆ ತಾಮ್ರದ ಬಿಲ್ಲೆ ನೆಕ್ಕಿದಂತಿತ್ತು. ಇನ್ನೊಂದು, ಆ ಕಿವಿಯಲ್ಲಿ ಉಳಿದಿರುವ ಅಷ್ಟಿಷ್ಟು ಸಹಜ ಶ್ರವಣ ಹೋಗಿಬಿಡಬಹುದು. ಒಪ್ಪಿಗೆ ಪತ್ರದಲ್ಲಿ ಇವೆಲ್ಲ ಇರುತ್ತವೆ. ಅದು ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳುವವರೆಗೆ ಸಹಿ ಹಾಕಬೇಡಿ. ಓದದೆ ಸಹಿ ಹಾಕಿ ಆಮೇಲೆ ಕಣ್ಣೀರು ಹಾಕಿದವರನ್ನು ನನ್ನ ಕಚೇರಿಯಲ್ಲಿ ಸಾಕಷ್ಟು ನೋಡಿದ್ದೇನೆ.

ಈಗ ಯಾವ ಕೈಪಿಡಿಯಲ್ಲಿಯೂ ನನಗೆ ಸಿಗದೇ ಹೋದ ಮಾತು. ಥಿಯೇಟರಿನ ಬಾಗಿಲಲ್ಲಿ ಕಿವಿ ಮಿಷನ್ ತೆಗೆಯಿರಿ ಎಂದರು, ತೆಗೆದೆ. ಕನ್ನಡಕ ತೆಗೆಯಿರಿ ಎಂದರು, ಅದನ್ನೂ ತೆಗೆದು ಹೆಂಡತಿಯ ಕೈಗೆ ಕೊಟ್ಟೆ. ಒಳಗೆ ಹೋದರೆ ಎಲ್ಲರ ಬಾಯಿಗೂ ಮಾಸ್ಕ್. ತುಟಿಯೇ ಇಲ್ಲದ ಊರು. ಯಾರೋ ಬಗ್ಗಿ ಏನೋ ಕೇಳುತ್ತಿದ್ದಾರೆ ಎಂದು ಅವರ ಹುಬ್ಬಿನಿಂದ ಊಹಿಸಿದೆ, ಹೌದು ಎಂದು ತಲೆಯಾಡಿಸಿದೆ. ಏನಕ್ಕೆ ಹೌದೆಂದೆನೋ ಇಂದಿಗೂ ಗೊತ್ತಿಲ್ಲ. ಎರಡೂವರೆ ಗಂಟೆಯ ನಂತರ ಎಚ್ಚರವಾದಾಗ ನರ್ಸ್ ಒಳ್ಳೆಯ ಹುಡುಗಿ, ಮಾಸ್ಕ್ ಕೆಳಗಿಳಿಸಿ ಮಾತನಾಡಿದಳು. ಆದರೆ ಅವಳ ತುಟಿ ತೆಲುಗು. ಹಿಂದಿಯನ್ನಾದರೆ ಕಿವಿಯಿಂದ ಕಲಿತಿದ್ದೆ. ನನ್ನ ಕಣ್ಣಿಗೆ ಓದಲು ಬರುತ್ತಿದ್ದುದು ಕನ್ನಡ ಒಂದೇ. ಅವಳು ಕಾಗದ ತಂದು ದೊಡ್ಡದಾಗಿ ಬರೆದಳು. ಕನ್ನಡಕವಿಲ್ಲದೆ ಅದು ಬಿಳಿಯ ಮೇಲೆ ಕಪ್ಪು ಇರುವೆ ಸಾಲು. ನನಗೆ ವಾಂತಿ ಬರುತ್ತಿತ್ತು, ಅದನ್ನು ಅವಳಿಗೆ ಹೇಳಿದೆ ಎಂದುಕೊಂಡೆ. ಆಮೇಲೆ ತಿಳಿಯಿತು, ಅರೆಮಂಪರಿನಲ್ಲಿ ನನ್ನ ದನಿ ಹೊರಗೇ ಬಂದಿರಲಿಲ್ಲ.

ಆದ್ದರಿಂದ ಹಿಂದಿನ ದಿನವೇ ಅರಿವಳಿಕೆ ವೈದ್ಯರನ್ನು ಕಂಡು ಮಾತು ಮುಗಿಸಿಕೊಳ್ಳಿ. ಶಸ್ತ್ರಚಿಕಿತ್ಸೆ ನಡೆಯದ ಕಿವಿಯ ಮಿಷನ್ ನಿದ್ದೆ ಬರುವವರೆಗೆ ಇರಲಿ ಎಂದು ಕೇಳಿ, ಹಲವರು ಒಪ್ಪುತ್ತಾರೆ. ಕನ್ನಡಕವನ್ನು ಹೆಸರು ಬರೆದ ಡಬ್ಬಿಯಲ್ಲಿ ಹಾಕಿ ಕೇಸ್ ಫೈಲಿನ ಜೊತೆಗೇ ಒಳಗೆ ಕಳುಹಿಸಿ. ನೋವು, ವಾಂತಿ, ಚಳಿ, ಮೂತ್ರ, ಈ ನಾಲ್ಕಕ್ಕೆ ನಾಲ್ಕು ಕೈಸನ್ನೆ ಗೊತ್ತುಮಾಡಿಕೊಳ್ಳಿ. ಫೈಲಿನ ಮೇಲೆ ಒಂದು ಚೀಟಿ ಅಂಟಿಸಿ: ‘ಈ ರೋಗಿಗೆ ಕೇಳಿಸುವುದಿಲ್ಲ, ಬರೆದು ತೋರಿಸಿ.’ ಹೈದರಾಬಾದಿಗೆ ಹೋಗುವವರು ತೆಲುಗಿನಲ್ಲಿಯೂ, ಸೊಲ್ಲಾಪುರಕ್ಕೆ ಹೋಗುವವರು ಮರಾಠಿಯಲ್ಲಿಯೂ ಬರೆಸಿಕೊಳ್ಳಿ. ಸಂಜ್ಞಾ ಭಾಷೆಯಲ್ಲಿ ಮಾತನಾಡುವವರು ಇಲ್ಲಿದ್ದೀರಿ, ಈ ತಾಯಿ ನನ್ನ ಮಾತನ್ನು ಕೈಯಲ್ಲಿ ನಿಮಗೆ ದಾಟಿಸುತ್ತಿದ್ದಾರೆ. ನೀವು ಸಲೈನ್ ಸೂಜಿಯನ್ನು ಎಡಗೈಗೆ ಹಾಕಿಸಿಕೊಳ್ಳಿ. ಬಲಗೈಯನ್ನು ಕಟ್ಟಿಹಾಕಿದರೆ ಅದು ನಾಲಿಗೆ ಕಟ್ಟಿದಂತೆ. ಅಂದ ಹಾಗೆ, ಸಂಜ್ಞಾ ಭಾಷೆಯಲ್ಲಿಯೇ ಬದುಕು ಕಟ್ಟಿಕೊಂಡ ದೊಡ್ಡವರನ್ನು ಮನೆಯವರು ಎಳೆದು ತಂದು ಇಂಪ್ಲಾಂಟ್ ಹಾಕಿಸುವುದು ನನಗೆ ಒಪ್ಪಿಗೆಯಿಲ್ಲ. ಹುಟ್ಟಿನಿಂದ ಸದ್ದು ಕೇಳದ ಮೆದುಳು ಇಪ್ಪತ್ತೈದನೆಯ ವಯಸ್ಸಿನಲ್ಲಿ ಈ ಲಿಪಿಯನ್ನು ಓದಲು ಕಲಿಯುವುದು ಬಹಳ ಕಷ್ಟ. ಕೂಸುಗಳ ಮಾತೇ ಬೇರೆ. ಅಲ್ಲಿ ಬೇಗ ಆದಷ್ಟೂ ಒಳ್ಳೆಯದು.

ಕೂಸುಗಳಿಗೆ ಹಣದ ದಾರಿಯೂ ಇದೆ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಎಡಿಐಪಿ ಯೋಜನೆ ಇದೆ, ಅದರಲ್ಲಿ ಇಂಪ್ಲಾಂಟಿನ ಕೆಲಸವನ್ನು ಮುಂಬಯಿಯ ಅಲಿ ಯಾವರ್ ಜಂಗ್ ಸಂಸ್ಥೆ ನೋಡಿಕೊಳ್ಳುತ್ತದೆ. ನಮ್ಮ ರಾಜ್ಯದಲ್ಲಿ ಶ್ರವಣ ಸಂಜೀವಿನಿ ಯೋಜನೆ ಇದೆ. ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ವೈದ್ಯರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ವಯಸ್ಸಿನ ಮಿತಿ ಇರುವುದರಿಂದ ಜನನ ಪ್ರಮಾಣ ಪತ್ರದಲ್ಲಿ ಒಂದಕ್ಷರವೂ ತಪ್ಪಿರಬಾರದು, ಆಧಾರಿನಲ್ಲಿ ಒಂದು ಹೆಸರು, ತಾಯಿ ಕಾರ್ಡಿನಲ್ಲಿ ಇನ್ನೊಂದು ಹೆಸರು ಇದ್ದರೆ ಇಂದೇ ಸರಿ ಮಾಡಿಸಿ. ಆಸ್ಪತ್ರೆ ಆರಿಸುವಾಗ ಆಪರೇಷನ್ನಿನ ಒಂದು ದಿನದ ಲೆಕ್ಕ ಹಾಕಬೇಡಿ. ಸಾಧನವನ್ನು ಮೊದಲ ಬಾರಿ ಚಾಲೂ ಮಾಡುವ ಸ್ವಿಚ್ ಆನ್ ಆದ ಮೇಲೆ ಮ್ಯಾಪಿಂಗಿಗೆ, ಅಂದರೆ ಅದನ್ನು ನಮಗೆ ತಕ್ಕಂತೆ ಹೊಂದಿಸಿಕೊಳ್ಳಲು, ಮೊದಲ ವರ್ಷ ಮತ್ತೆ ಮತ್ತೆ ಹೋಗಬೇಕು. ವಾಡಿ, ತಾಂಡೂರು, ವಿಕಾರಾಬಾದ್ ಸ್ಟೇಷನ್ನುಗಳ ಚಹಾದ ರುಚಿ ನನಗೆ ಈಗ ಬೇರೆಬೇರೆಯಾಗಿ ಗೊತ್ತು. ಮಗುವಿಗೆ ಥೆರಪಿ ಮನೆಯ ಮಾತಿನಲ್ಲೇ ನಡೆಯಲಿ, ಮನೆಯಲ್ಲಿ ಉರ್ದು ಇದ್ದರೆ ಉರ್ದು, ಕನ್ನಡ ಇದ್ದರೆ ಕನ್ನಡ. ಸದ್ದು ಹಿಡಿದು ಒಳಕ್ಕೆ ಕಳುಹಿಸಲು ಕಿವಿಗೆ ತೊಡುವ ಹೊರಗಿನ ಪ್ರೊಸೆಸರ್ ನಮ್ಮ ಬೇಸಿಗೆಯ ಬೆವರಿಗೆ ಸೋಲುತ್ತದೆ. ರಾತ್ರಿ ಅದನ್ನು ತೇವ ಹೀರುವ ಡಬ್ಬಿಯಲ್ಲಿ ಇಡಲೇಬೇಕು. ತಂತಿ, ತಲೆಗೆ ಅಂಟಿಸುವ ಕಾಯಿಲ್, ಬ್ಯಾಟರಿಗಳಿಗೆ ವರ್ಷಕ್ಕೆ ಎಷ್ಟಾಗುತ್ತದೆ ಎಂದು ಕಂಪನಿಯವರಿಂದ ಮೊದಲೇ ಬರೆಸಿಕೊಳ್ಳಿ. ಬಾಯಿಮಾತನ್ನು ಆಮೇಲೆ ಸಾಬೀತು ಮಾಡುವುದು ಕಷ್ಟ.

ಗಾಯ ಮಾಗಲು ಸಾಮಾನ್ಯವಾಗಿ ಮೂರ್ನಾಲ್ಕು ವಾರ ಬಿಟ್ಟು ಸ್ವಿಚ್ ಆನ್ ಮಾಡುತ್ತಾರೆ. ತಲೆಯೊಳಗೆ ಸಾಧನವಿದೆ, ಸದ್ದಿಲ್ಲ. ನನ್ನ ಇನ್ನೊಂದು ಕಿವಿಯ ಮಿಷನ್ ಗದ್ದಲವನ್ನಷ್ಟೇ ಕೊಡುತ್ತಿದ್ದರಿಂದ ಅದನ್ನೂ ತೆಗೆದಿಟ್ಟಿದ್ದೆ. ಗುಂಡಿ ಇರುವ ಅಂಗಿಗಳನ್ನು ಚೀಲಕ್ಕೆ ಹಾಕಿದ್ದೆವು, ಬ್ಯಾಂಡೇಜಿನ ತಲೆಗೆ ಬನಿಯನ್ ತೂರಿಸಲಾಗದು ಎಂಬ ಬುದ್ಧಿ ಇತ್ತು. ಆದರೆ ಆ ಒಂದು ತಿಂಗಳು ಹೇಗೆ ಮಾತನಾಡುವುದು ಎಂದು ಯೋಚಿಸಿರಲಿಲ್ಲ. ಹೆಂಡತಿ ಆಸ್ಪತ್ರೆಯ ಎದುರಿನ ಅಂಗಡಿಯಿಂದ ಇನ್ನೂರು ಪುಟದ ನೋಟ್‌ಬುಕ್ ತಂದಳು. ಕೊನೆಗೆ ಮೂರು ತುಂಬಿದವು. ಅವನ್ನು ಇಂದು ತಂದಿದ್ದೇನೆ. ನಾನು ಬಾಯಲ್ಲಿ ಉತ್ತರ ಕೊಡುತ್ತಿದ್ದೆ, ಹಾಗಾಗಿ ಇದರಲ್ಲಿ ಇರುವುದು ಅವಳ ಮಾತು ಮಾತ್ರ. ಸಾಕ್ಷಿಯ ಉತ್ತರಗಳನ್ನೆಲ್ಲ ಅಳಿಸಿ ಬರೀ ಪ್ರಶ್ನೆ ಉಳಿಸಿದ ಪಾಟೀಸವಾಲಿನಂತೆ ಓದಿಸಿಕೊಳ್ಳುತ್ತದೆ. ‘ಗ್ಯಾಸ್ ಬಂದಿದೆ, ಚಿಲ್ಲರೆ ಎಲ್ಲಿಟ್ಟಿದ್ದೀರಿ?’ ‘ಅಲ್ಲ, ಕಪಾಟಿನಲ್ಲಿ ಇಲ್ಲ.’ ‘ಕೂಗಬೇಡಿ, ನಾನು ಕಿವುಡಿಯಲ್ಲ.’ ಈ ಕೊನೆಯದು ಹತ್ತೊಂಬತ್ತು ಸಲ ಇದೆ, ಎಣಿಸಿದ್ದೇನೆ.

ಸ್ವಿಚ್ ಆನ್ ದಿನ ಎಲ್ಲರೂ ಮೊಬೈಲ್ ಹಿಡಿದು ನಿಂತಿದ್ದರು, ನಾನು ಅಳುತ್ತೇನೆ ಎಂದು. ಬಂದದ್ದು ಟಿಕ್ ಟಿಕ್ ಎಂಬ ಸದ್ದು, ಆಮೇಲೆ ತಗಡಿನ ಡಬ್ಬಿಯಲ್ಲಿ ಜೀರುಂಡೆ ಹಾಕಿ ಅಲುಗಾಡಿಸಿದಂತಹ ಏನೋ. ಅದು ನನ್ನ ಹೆಂಡತಿ ನನ್ನ ಹೆಸರು ಹಿಡಿದು ಕರೆದದ್ದು ಎಂದು ಬರೆದು ತೋರಿಸಿದರು. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಅವಳು ಹೆಸರು ಹಿಡಿದು ಕರೆದದ್ದು ಅದೊಂದೇ ಸಲ, ಅದೂ ನನಗೆ ತಿಳಿಯಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಮೊದಲ ಬಾರಿ ಒಂದು ಸದ್ದಿನ ಗುರುತು ಹತ್ತಿತು: ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಈ ಸಾಧನಕ್ಕೆ ತಾಳ ಬೇಗ ಬರುತ್ತದೆ, ರಾಗ ಬರುವುದು ಕಷ್ಟ. ತಬಲಾ ತಿಳಿಯುತ್ತದೆ, ಹಾರ್ಮೋನಿಯಂ ಇಂದಿಗೂ ನನಗೆ ಕಿರಗುಟ್ಟುವ ಬಾಗಿಲು.

ಮೂರನೆಯ ನೋಟ್‌ಬುಕ್ಕಿನ ಕೊನೆಯ ಪುಟ ಓದಿ ಕೂರುತ್ತೇನೆ. ಇದು ಸ್ವಿಚ್ ಆನ್ ಮುಗಿಸಿ ರೈಲಿಳಿದು, ಕಲಬುರಗಿ ಸ್ಟೇಷನ್ನಿನ ಹೊರಗೆ, ಹೊಸ ಪ್ರೊಸೆಸರ್ ಕಿವಿಗೆ ತೊಟ್ಟು ನಿಂತಿದ್ದಾಗ ಬರೆದದ್ದು: ‘ಆಟೋದವನು ನೂರೈವತ್ತು ಎನ್ನುತ್ತಿದ್ದಾನೆ. ನೀವು ಸುಮ್ಮನೆ ತಲೆಯಾಡಿಸಬೇಡಿ.’